ಏಳು ಹಲ್ಲಿನ ಗಾಲಿ

ಪರೀಕ್ಷೆಯ ಹಿಂದಿನ ದಿನ, ಹೊತ್ತು ನೆತ್ತಿಗೇರುವ ಮೊದಲೇ ಇಂದುಮತಿ ಅಕ್ಕೋರು ನನ್ನ ಶೆಡ್ಡಿಗೆ ಬಂದರು. ನಾನು ಹಿಮಗಾಡಿಯನ್ನು ಮಗ್ಗುಲಿಗೆ ಕೆಡವಿ, ಮೊಣಕೈವರೆಗೂ ಅದರ ಹೊಟ್ಟೆಯೊಳಗೆ ಕೈ ಹಾಕಿಕೊಂಡು ಕೂತಿದ್ದೆ. ಅವರು ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಕಡಿಮೆಯಾಗುತ್ತದೆ, ಅಷ್ಟು ದೊಡ್ಡ ಆಳು. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು. ಕಲಿಸಲು ಹೋಗಿ ಸುಸ್ತಾದವರು ಎಂದರೂ ತಪ್ಪಿಲ್ಲ.

“ಬಾಳವ್ವ, ನಾಳೆ ಹತ್ತು ಗಂಟೆ ಒಳಗ ನಾ ಮ್ಯಾಲಿನ ಕೇರಿಯೊಳಗ ಇರಬೇಕು,” ಎಂದರು. “ಒಯ್ತೀಯೋ ಇಲ್ಲೋ, ಅಷ್ಟ ಹೇಳು.”

“ಯಾವ ಪಟ್ಟಿ ಮ್ಯಾಲೆ ಒಯ್ಯಲ್ರಿ ಅಕ್ಕೋರ? ಎಲ್ಲಾ ಮುಗದಾವಲ್ಲ.”

“ಒಂದು ಉಳದೈತಿ.”

ಒಂದು ಉಳಿದಿತ್ತು, ನಿಜ. ಅದು ಯಾಕೆ ಉಳಿದಿದೆ ಎಂಬುದೂ ಊರಿಗೆಲ್ಲ ಗೊತ್ತಿತ್ತು.

ನಮ್ಮೂರಿನ ಹಿಮ ಒಂದೇ ಸಲ ಹೊರುತ್ತದೆ. ಕಾಲೋ ಗಾಡಿಯೋ ಒಮ್ಮೆ ಹಾದುಹೋದ ಜಾಗದ ಮೇಲೆ ಎರಡನೇ ಸಲ ಭಾರ ಬಿತ್ತೆಂದರೆ ಅದು ಜರಡಿ ಹಿಡಿದ ಹಿಟ್ಟಿನಂತೆ ಸಡಿಲಾಗಿ ಸೊಂಟದವರೆಗೆ ನುಂಗುತ್ತದೆ. ಮೇಲೆ ಹೊಸ ಹಿಮ ಬಿದ್ದರಷ್ಟೇ ಮತ್ತೆ ಗಟ್ಟಿ. ಹಾಗಾಗಿ ನಾವು ಒಬ್ಬರ ಹಿಂದೆ ಒಬ್ಬರು ನಡೆಯುವ ಜನರಲ್ಲ, ಪಕ್ಕಪಕ್ಕದಲ್ಲಿ ನಡೆಯುವವರು. ಮದುವೆ ದಿಬ್ಬಣವೂ ಅಗಲಕ್ಕೆ ಹರಡಿಕೊಂಡೇ ಹೋಗುತ್ತದೆ, ಹೆಣ ಹೊರುವವರೂ ಹಾಗೆಯೇ. ಓಣಿಗಳನ್ನು ಸಲಿಕೆಯಿಂದ ಬಳಿದು ಕಲ್ಲು ಕಾಣಿಸಿ ಇಟ್ಟುಕೊಂಡಿದ್ದೇವೆ. ಊರಾಚೆಯ ಮನೆಗೆ ಕೂಸು ನೋಡಲು ಹೋದವರಿಗೆ “ತಿರುಗಿ ಹೋಗಾಕ ಜಾಗಾ ಬಿಟ್ಕೊಂಡು ಬಂದೀರಿಲ್ಲೋ?” ಎಂದು ಕೇಳಿದ ಮೇಲೆಯೇ ನೀರು ಕೊಡುವುದು.

ಊರಿಗೂ ಮೇಲಿನ ಕೇರಿಗೂ ನಡುವಿನ ಏರನ್ನು ಹಿರಿಯರು ಬಿದಿರು ನೆಟ್ಟು ನೂರಾ ನಲವತ್ತು ಪಟ್ಟಿಗಳಾಗಿ ಹಂಚಿದ್ದಾರೆ. ಒಂದು ಪಟ್ಟಿಗೆ ಒಂದು ಪಯಣ. ವಾರಕ್ಕೊಮ್ಮೆ ಹಿಮ ಬೀಳುವುದರಿಂದ ಅಷ್ಟು ಧಾರಾಳವಾಗಿ ಸಾಕಾಗುತ್ತಿತ್ತು. ಆ ವರ್ಷ ಇಪ್ಪತ್ತಾರು ದಿನ ಆಕಾಶ ಒಂದು ಚೂರು ಹಿಮವನ್ನೂ ಉದುರಿಸಲಿಲ್ಲ. ಉಪ್ಪು, ಸೀಮೆಎಣ್ಣೆ, ಎರಡು ಮದುವೆ, ಒಂದು ಜ್ವರ, ಹೀಗೆ ಪಟ್ಟಿಗಳು ಕರಗುತ್ತಾ ಬಂದವು. ಅಕ್ಕೋರು ಈಗ ಮೇಲಿನ ಕೇರಿಯ ಸಾಲಿಯಲ್ಲಿ ಕಲಿಸುತ್ತಾರೆ; ಮೂರು ದಿನದ ಹಿಂದೆ ಅವರೇ ಒಂದು ಪಟ್ಟಿಯ ಮೇಲೆ ಕೆಳಗಿಳಿದು ಬಂದಿದ್ದರು, ಮೊಹರು ಮಾಡಿದ ಪ್ರಶ್ನೆಪತ್ರಿಕೆಗಳನ್ನು ಒಯ್ಯಲು. ಹಿಂದಿರುಗಲೆಂದು ಅವರು ನೆಚ್ಚಿಕೊಂಡಿದ್ದ ಪಟ್ಟಿಯ ಮೇಲೆ ಅಜ್ಜನೊಬ್ಬ ಹೊಸದಾಗಿ ಹುಟ್ಟಿದ ಮೊಮ್ಮಗನನ್ನು ನೋಡಲು ಏರಿಬಿಟ್ಟ. ಅವನನ್ನು ಬೈಯಲು ಯಾರಿಗೂ ಬಾಯಿ ಬರಲಿಲ್ಲ.

ಉಳಿದದ್ದು ಕರೆಬಂಡೆಯ ಪಕ್ಕದ ಪಟ್ಟಿ. ನಾವು ಅದನ್ನು ಗೋಡೆ ಎನ್ನುತ್ತೇವೆ. ಮನುಷ್ಯರಾಗಲಿ ಗಾಡಿಯಾಗಲಿ ಅದನ್ನು ಏರಿದ್ದು ಯಾರ ನೆನಪಿನಲ್ಲೂ ಇರಲಿಲ್ಲ.

“ಹೆಡ್ ಮಾಸ್ತರ್ ಏನಂತಾರ್ರಿ?” ಎಂದು ಕೇಳಿದೆ.

“ಮುಂದಿನ ವರ್ಷ ಬರೀಲಿ ಅಂತಾರ. ಕೇರಿಯೊಳಗ ಮೊದಲನೇ ಸಲ ಹತ್ತನೇ ಇಯತ್ತೆ ಆಗೇದ. ಒಂಬತ್ತು ಮಕ್ಕಳು, ಅದರಾಗ ಏಳು ಹುಡಿಗ್ಯಾರು. ಮುಂದಿನ ವರ್ಷ ಅಂದ್ರ ಆ ಹುಡಿಗ್ಯಾರೊಳಗ ಎಷ್ಟು ಮಂದಿ ಸಾಲಿಗೆ ಉಳೀತಾರ, ನೀನ ಹೇಳು.”

ನಾನೇ ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟವಳು. ಆದರೆ ನಾನು ಒಪ್ಪಲು ಹೊರಟದ್ದು ಅದೊಂದಕ್ಕೇ ಅಲ್ಲ. ಮೂರು ವರ್ಷದಿಂದ ಗೋಡೆಯ ಮೇಲೆ ನನ್ನ ಕಣ್ಣಿತ್ತು. ಯಾರಿಗೂ ಹೇಳಿರಲಿಲ್ಲ. ಅವರು ಬಂದಾಗ ನಾನು ಗಾಡಿಯ ಹೊಟ್ಟೆಗೆ ಕೈ ಹಾಕಿದ್ದು ಕೂಡ ಆ ಗೋಡೆಗಾಗಿಯೇ.

“ಒಯ್ತೀನ್ರಿ. ಆದ್ರ ಗಾಡಿ ಮಾತು ಕೇಳವಲ್ದು,” ಎಂದೆ.

ನಮ್ಮ ಹಿಮಗಾಡಿಯ ಮುಂದೆ ಎರಡು ಜಾರುಹಲಗೆ, ಕೆಳಗೆ ರಬ್ಬರಿನ ಉದ್ದನೆಯ ಪಟ್ಟಾ. ಪಟ್ಟಾದ ಹೊರಮೈಯಲ್ಲಿ ಸಾಲಾಗಿ ಎದ್ದಿರುವ ಉಬ್ಬುಗಳನ್ನು ಗೊರಸು ಅನ್ನುತ್ತೇವೆ, ಹಿಮಕ್ಕೆ ನಾಟಿ ಗಾಡಿಯನ್ನು ಎಳೆಯುವುದು ಅವೇ. ಪಟ್ಟಾದೊಳಗೆ ಒಂದೇ ಅಚ್ಚಿನ ಮೇಲೆ ಎರಡು ಹಲ್ಲಿನ ಗಾಲಿಗಳು. ಇಂಜಿನ್ನು ಬೆಲ್ಟನ್ನು ತಿರುಗಿಸುತ್ತದೆ, ಬೆಲ್ಟಿನಿಂದ ಚೈನು, ಚೈನಿನಿಂದ ಹಲ್ಲಿನ ಗಾಲಿ, ಗಾಲಿಯಿಂದ ಪಟ್ಟಾ. ನನ್ನ ಹಳೆಯ ಪಟ್ಟಾದ ಗೊರಸು ಹೆಬ್ಬೆರಳ ಒಂದು ಗೆಣ್ಣಿನಷ್ಟು. ಅದನ್ನು ಕಟ್ಟಿಕೊಂಡು ಗೋಡೆ ಹತ್ತುವುದೆಂದರೆ ಚಪ್ಪಲಿ ಹಾಕಿಕೊಂಡು ಪಾಚಿ ಹತ್ತಿದ ಹಾಗೆ. ಹೋದ ಸಂತೆಯಲ್ಲಿ ಗುಜರಿಯವನ ಹತ್ತಿರ ಯಾವುದೋ ದೊಡ್ಡ ಗಾಡಿಯ ಪಟ್ಟಾ ಸಿಕ್ಕಿತ್ತು. ಗೊರಸು ಮೂರು ಬೆರಳು ಎತ್ತರ! ಅದರ ಜೊತೆಗೇ ಅದರ ಎರಡು ಗಾಲಿಗಳೂ ಇದ್ದವು. ಎಂಟು ಹಲ್ಲು. ನನ್ನ ಹಳೆಯ ಗಾಲಿಗೂ ಎಂಟೇ ಹಲ್ಲು. ಲೆಕ್ಕ ಸರಿಹೋಯಿತು ಎಂದುಕೊಂಡು ಕುಣಿದಾಡಿ ಬೆಳಗಿನಿಂದ ಕೂರಿಸಿದ್ದೆ.

ಹಿತ್ತಲಿನ ಹಿಮದ ದಿಬ್ಬದ ಮೇಲೆ ನಾಲ್ಕು ಗಾಡಿಯಷ್ಟು ಅಗಲ ಜಾಗವಿತ್ತು. ಮೂರನ್ನು ಬೆಳಿಗ್ಗೆಯೇ ಹಾಳುಮಾಡಿಕೊಂಡಿದ್ದೆ. ಸಪಾಟಿನಲ್ಲಿ ಗಾಡಿ ಹುಚ್ಚು ಕುದುರೆಯಂತೆ ಓಡುತ್ತಿತ್ತು. ದಿಬ್ಬಕ್ಕೆ ಮುಖ ಕೊಟ್ಟೊಡನೆ ಇಂಜಿನ್ನಿನ ದನಿ ಕುಗ್ಗಿ, ಬೆಲ್ಟಿನಿಂದ ಹೊಗೆ ಎದ್ದು, ಗಕ್ಕನೆ ನಿಲ್ಲುತ್ತಿತ್ತು. ಮೇಲಾಗಿ ಒಳಗೆ ಎಲ್ಲೋ ಗರಗರ ಉಜ್ಜುವ ಸದ್ದು. ಕಾರ್ಬೊರೇಟರ್ ಬಿಚ್ಚಿ ತೊಳೆದೆ. ಪ್ಲಗ್ಗು ಬದಲಿಸಿದೆ. ಅದೇ ಹಾಡು.

“ಇನ್ನೊಂದ್ ಅಗಲ ಉಳದೈತಿ, ಅದರ ಮ್ಯಾಲೆ ಜೋರ್ ಕೊಟ್ಟು ನೋಡ್ತೀನಿ,” ಎಂದು ಎದ್ದೆ.

“ಕೂಡು,” ಎಂದರು ಅಕ್ಕೋರು. ತರಗತಿಯ ಅದೇ ದನಿ. ಕೂತುಬಿಟ್ಟೆ. “ಒಂದ ಜಾಗಾ ಇದ್ದಾಗ ನೋಡಿ ಕಲಿಯೂದಲ್ಲ, ಕಲಿತು ನೋಡೂದು. ಈ ಗಾಲಿ ಒಂದು ಸುತ್ತು ತಿರುಗಿದ್ರ ಗಾಡಿ ಎಷ್ಟು ಮುಂದ ಹೋಗ್ತದ?”

ನನಗೆ ಗೊತ್ತಿರಲಿಲ್ಲ. ಹದಿನೈದು ವರ್ಷದಿಂದ ಗಾಡಿ ಬಿಚ್ಚುತ್ತಿದ್ದೇನೆ, ಯಾರೂ ಇದನ್ನು ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಅಕ್ಕೋರು ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂತರು. ಟೇಪು ಹಿಡಿದು ಹಳೆಯ ಪಟ್ಟಾದಲ್ಲಿ ಒಂದು ಹಲ್ಲು ಕೂರುವ ಜಾಗದಿಂದ ಮುಂದಿನದಕ್ಕೆ ಅಳೆದರು. ಎರಡೂವರೆ ಇಂಚು. ಹೊಸದರಲ್ಲಿ ಅಳೆದರು. ಮೂರು ಇಂಚು. ಸೀಮೆಸುಣ್ಣ ಕೇಳಿದರು. ಬಂಡೆಗಲ್ಲಿನ ನೆಲದ ಮೇಲೆ ಬರೆದರು.

“ಎಂಟು ಎರಡೂವರೆಲೆ?”

“ಇಪ್ಪತ್ತು.”

“ಎಂಟು ಮೂರಲೆ?”

“ಇಪ್ಪತ್ನಾಕು.” ಹೇಳುತ್ತಿದ್ದಂತೆಯೇ ಮೈಯಲ್ಲಿ ಏನೋ ಜುಮ್ಮೆಂದಿತು. “ಅಯ್ಯ ಅಕ್ಕೋರ! ಹಲ್ಲು ಅಷ್ಟ ಇದ್ರೂ ಗಾಲಿ ದೊಡ್ಡದಾತು! ಒಂದೊಂದ್ ಸುತ್ತಿಗೆ ನಾಕ್ ಇಂಚು ಜಾಸ್ತಿ ಎಳಿ ಅಂತ ಹೇಳಾಕತ್ತೇನಿ ನಾ. ಬಾವಿ ಮ್ಯಾಲಿನ ಹಗ್ಗ ಸುತ್ತೂ ದಿಂಡು ದಪ್ಪ ಆದ್ರ ಕೊಡ ಲಗೂ ಬರ್ತೈತಿ, ಆದ್ರ ತೋಳು ಬೀಳ್ತಾವ!”

“ಇಷ್ಟ ಬುದ್ಧಿ ಅವತ್ತ ತೋರಿಸಿದ್ರ ನಿನ್ನ ಅಷ್ಟು ಬೈತಿರಲಿಲ್ಲ ನಾನು,” ಎಂದರು ಅಕ್ಕೋರು. ಅವರ ಮುಖದಲ್ಲೂ ಕೆಂಪು ಏರಿತ್ತು.

ಗರಗರ ಸದ್ದು ಯಾಕೆ ಎಂಬುದೂ ಅಲ್ಲೇ ತಿಳಿಯಿತು. ದೊಡ್ಡ ಗಾಲಿ, ಅದರ ಮೇಲೆ ಮೂರು ಬೆರಳ ಗೊರಸು; ಪಟ್ಟಾದ ಮೇಲಿನ ಮುಚ್ಚಿಗೆಗೆ ಅದು ತಾಗಿ ತಗಡನ್ನು ಕೆರೆಯುತ್ತಿತ್ತು. ಗಾಲಿ ಚಿಕ್ಕದಾಗಬೇಕು, ಹಲ್ಲುಗಳ ನಡುವಿನ ಅಂತರ ಮಾತ್ರ ಮೂರೇ ಇಂಚು ಇರಬೇಕು. ಅಂದರೆ ಹಲ್ಲೇ ಕಡಿಮೆಯಾಗಬೇಕು. ಅಂಥ ಗಾಲಿ ಊರಲ್ಲಿ ಯಾರ ಹತ್ತಿರವೂ ಇರಲಿಲ್ಲ. ಮಾಡಿಸಬೇಕು. ಇಬ್ಬರೂ ಹೆಚ್ಚುಕಡಿಮೆ ಓಡುತ್ತಾ ಬಡಿಗೇರ ಮೌನೇಶ ಕಾಕಾನ ಮನೆಗೆ ಹೋದೆವು.

ಮೌನೇಶ ಕಾಕಾ ಜಾಲಿಮರದಲ್ಲಿ ಬಂಡಿಗಾಲಿಯ ನಡುವಿನ ಗುಂಬ ಮಾಡಿ ಹೆಸರಾದವನು. ನಾವು ಹೇಳಿದ್ದನ್ನೆಲ್ಲ ಕೇಳಿ, ಪಟ್ಟಾದ ತುಂಡೊಂದನ್ನು ಬೆರಳಿನಿಂದ ಬಗ್ಗಿಸಿ ನೋಡಿದ.

“ಆರು ಹಲ್ಲು ಕೇಳಬ್ಯಾಡ್ರಿ. ಗಾಲಿ ಭಾಳ ಸಣ್ಣದಾಗ್ತೈತಿ. ಇಂಥ ದಪ್ಪ ರಬ್ಬರು ಅಷ್ಟ ಸಣ್ಣದಕ್ಕ ಸುತ್ತಂಗಿಲ್ಲ, ಹಲ್ಲಿನ ಮ್ಯಾಲಿಂದ ಹಾರ್ತೈತಿ.”

“ಏಳು ಮಾಡು ಕಾಕಾ.”

“ಆರು ಕಣ್ಮುಚ್ಚಿ ಮಾಡ್ತೀನಿ. ಎಂಟು ಮಾಡ್ತೀನಿ. ಕೈವಾರ ಇಟ್ಟು ಅರ್ಧ, ಅರ್ಧದಾಗ ಅರ್ಧ. ಏಳು ಹೆಂಗ ಪಾಲು ಮಾಡ್ಲೆವ್ವ ದುಂಡನ್ನ? ಒಂದು ಹಲ್ಲು ಕೂದಲೆಳೆ ಅತ್ತಿತ್ತ ಆದ್ರ ನಿನ್ನ ಪಟ್ಟಾ ಹರದು ಹೋಗ್ತೈತಿ.”

ನಾನು ಅಕ್ಕೋರ ಮುಖ ನೋಡಿದೆ. ಅವರು ಕಾಕಾನ ಹೆಂಡತಿಯಿಂದ ಹಳೆಯ ಸೀರೆಯ ಅಂಚು ಇಸಿದುಕೊಂಡರು. ಅದರ ಮೇಲೆ ಇಪ್ಪತ್ತೊಂದು ಇಂಚು ಅಳೆದು ಕತ್ತರಿಸಿದರು. ಮೂರು ಮೂರು ಇಂಚಿಗೆ ಮಸಿಯಿಂದ ಗೀಟು ಎಳೆದರು. “ದುಂಡನ್ನ ಪಾಲು ಮಾಡಬ್ಯಾಡ ಮೌನೇಶ. ಇದನ್ನ ಪಾಲು ಮಾಡೇನಿ, ನೋಡು. ಇದು ಸರಿಯಾಗಿ ಸುತ್ತಿ ತುದಿಗೆ ತುದಿ ಕೂಡೂವಷ್ಟು ದುಂಡು ಕೆತ್ತು. ಅಡ್ಡಳತಿ ಆರು ಇಂಚು, ಮ್ಯಾಲೆ ಮುಕ್ಕಾಲಿಗೆ ಸ್ವಲ್ಪ ಕಡಿಮಿ. ಸುತ್ತಿದ ಮ್ಯಾಲೆ ಗೀಟು ಇದ್ದಲ್ಲಿ ಹಲ್ಲು.”

ಕಾಕಾ ಆ ಅಂಚನ್ನು ಒಂದು ನಿಮಿಷ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಬಾಚಿ ಎತ್ತಿಕೊಂಡ. ಜಾಲಿಯ ಚಕ್ಕೆ ಅಂಗಳದ ತುಂಬ ಹಾರತೊಡಗಿತು. ಓಣಿಯ ಜನ ಬಂದು ಮನೆಯ ಗೋಡೆಗುಂಟ ಸಾಲಾಗಿ ನಿಂತರು. ಅಂಚನ್ನು ಸುತ್ತಿ ಎರಡು ತುದಿ ಮುಟ್ಟಿದಾಗ “ಕೂಡ್ತು! ಕೂಡ್ತು!” ಎಂದು ಯಾರೋ ಕೂಗಿದರು. ಎರಡು ಗಾಲಿಗಳನ್ನೂ ಒಟ್ಟಿಗೆ ಮೊಳೆ ಹೊಡೆದು ಒಂದೇ ಗೀಟಿಗೆ ಕೆತ್ತಿದ, ಹಲ್ಲಿಗೆ ಹಲ್ಲು ಎದುರಾಗಲಿ ಎಂದು. ಹೊತ್ತು ಮುಳುಗುವುದರೊಳಗೆ ಅವು ಅಚ್ಚಿನ ಮೇಲೆ ಕೂತಿದ್ದವು.

“ಏಳು ಮೂರಲೆ ಇಪ್ಪತ್ತೊಂದು,” ಎಂದೆ ನಾನು. “ಹಳೇದು ಇಪ್ಪತ್ತು. ಇನ್ನೂ ಒಂದು ಜಾಸ್ತಿ ಐತ್ರಿ. ಪಟ್ಟಾನೂ ಭಾರ. ಮತ್ತ...” ಎಂದು ನಿಲ್ಲಿಸಿದೆ.

“ಮತ್ತ ನಾನೂ ಭಾರ. ಹೇಳು, ನಾಚಿಕಿ ಯಾಕ? ಚೈನಿನ ಮ್ಯಾಲಿನ ಚಕ್ರಕ್ಕ ಎಷ್ಟು ಹಲ್ಲು ಅದಾವ?”

“ಇಪ್ಪತ್ತು. ಹದಿನೆಂಟರದು ಒಂದು ಮೂಲ್ಯಾಗ ಬಿದ್ದೈತ್ರಿ.”

ಅವರು ನೆಲದ ಮೇಲೆ ಬರೆಯುವ ಮೊದಲೇ ನಾನು ಎದ್ದು ಹೋಗಿ ಆ ಚಕ್ರ ಹುಡುಕಿ ತಂದಿದ್ದೆ. ಇಪ್ಪತ್ತರ ಬದಲು ಹದಿನೆಂಟು ಎಂದರೆ ಹತ್ತನೇ ಒಂದು ಪಾಲು ಕಡಿಮೆ; ಇಪ್ಪತ್ತೊಂದರಲ್ಲಿ ಅಷ್ಟು ಕಳೆದರೆ ಹತ್ತೊಂಬತ್ತಕ್ಕೂ ಕಡಿಮೆ. ನನ್ನ ಹಳೆಯ ಗಾಡಿಗಿಂತ ನಿಧಾನ, ಅದಕ್ಕಿಂತ ಬಲ. ಚೈನಿನ ಎರಡು ಕೊಂಡಿ ತೆಗೆದು ಬಿಗಿ ಮಾಡಿದೆ. ಹಿತ್ತಲಿನ ಕೊನೆಯ ಅಗಲದ ಮೇಲೆ ಗಾಡಿ ಬಿಟ್ಟೆ. ಅದು ಓಡಲಿಲ್ಲ. ಎಮ್ಮೆಯ ಹಾಗೆ ತಲೆ ತಗ್ಗಿಸಿಕೊಂಡು, ಒಂದೇ ದನಿಯಲ್ಲಿ ಗುರುಗುಡುತ್ತಾ ದಿಬ್ಬವನ್ನು ಹತ್ತಿ ಆಚೆ ಇಳಿಯಿತು. ನಾನು ಗಾಡಿಯಿಂದ ಹಾರಿ ಅಕ್ಕೋರನ್ನು ಅಪ್ಪಿಕೊಂಡೆ. ಹಾಗೆಲ್ಲ ಅಪ್ಪಿಕೊಳ್ಳುವವಳಲ್ಲ ನಾನು.

ಬೆಳಿಗ್ಗೆ ಏಳೂವರೆಗೆ ಗೋಡೆಯ ಬುಡದಲ್ಲಿ ಊರೇ ಸೇರಿತ್ತು. ಅಕ್ಕೋರು ಮೊಹರು ಮಾಡಿದ ಚೀಲವನ್ನು ಎದೆಗೆ ಕಟ್ಟಿಕೊಂಡು, ಮೇಲೆ ಶಾಲು ಸುತ್ತಿಕೊಂಡು ನನ್ನ ಹಿಂದೆ ಕೂತರು. ಗಾಡಿಯ ಹಿಂಬದಿ ಒಂದು ಗೇಣು ಕುಸಿಯಿತು.

“ಒಂದ ಮಾತು ಕೇಳ್ರಿ,” ಎಂದೆ. “ನಡುವ ಪಟ್ಟಾ ಇದ್ದಲ್ಲೇ ತಿರುಗಿತಂದ್ರ ಅದ ಎರಡನೇ ತುಳಿತ. ಗಾಡಿ ಒಳಗ ಹೋಗ್ತೈತಿ. ಅದಕ್ಕ ನಾ ಜೋರ್ ಕೊಡಂಗಿಲ್ಲ, ನಿಲ್ಲಸಂಗೂ ಇಲ್ಲ. ನೀವು ಅಂಜಿದ್ರೂ ಅಲಗಾಡಬ್ಯಾಡ್ರಿ.”

“ಅಂಜಿಕಿ ಪರೀಕ್ಷಾ ಮುಗದ ಮ್ಯಾಲೆ ನೋಡೋಣ. ನಡಿ.”

ಮೊದಲ ಅರ್ಧ ದಾರಿ ಎಷ್ಟು ಸಲೀಸಾಗಿ ಸಾಗಿತೆಂದರೆ ನನಗೆ ಹಾಡಬೇಕೆನಿಸಿತು. ಗೊರಸು ಒಂದೊಂದಾಗಿ ಹಿಮಕ್ಕೆ ನಾಟುವುದು, ಕಿತ್ತುಕೊಳ್ಳುವುದು ನನ್ನ ಬೆನ್ನುಹುರಿಗೆ ತಿಳಿಯುತ್ತಿತ್ತು. ಎಡಕ್ಕೆ ಕರೆಬಂಡೆ ಕೈಗೆ ಸಿಗುವಷ್ಟು ಹತ್ತಿರ. ಕೆಳಗಿನ ಜನ ಸಾಸಿವೆ ಕಾಳಾದರು. ಅಷ್ಟರಲ್ಲಿ ಗೋಡೆ ನಿಜವಾಗಿ ಗೋಡೆಯಾಯಿತು. ನನ್ನ ಕಣ್ಣೆದುರು ಬರೀ ಆಕಾಶ. ಮುಂದಿನ ಜಾರುಹಲಗೆಗಳು ಹಿಮ ಬಿಟ್ಟು ಮೇಲೇಳತೊಡಗಿದವು.

“ಮುಂದಕ್ಕ ಬಗ್ಗರಿ ಅಕ್ಕೋರ! ನನ್ನ ಮ್ಯಾಲೆ ಬೀಳ್ರಿ!”

ಅವರು ಬಿದ್ದರು. ಹ್ಯಾಂಡಲ್ಲಿಗೆ ನನ್ನ ಎದೆ ಒತ್ತಿ ಉಸಿರು ಕಟ್ಟಿತು, ಆದರೆ ಜಾರುಹಲಗೆಗಳು ಹಿಮಕ್ಕೆ ಇಳಿದವು. ಅವರ ಭಾರ ಪಟ್ಟಾದ ನಡುಮಧ್ಯಕ್ಕೆ ಬಂದು ಗೊರಸುಗಳು ಇನ್ನೂ ಆಳಕ್ಕೆ ನಾಟಿದವು. ಹಗುರಾದ ಯಾರನ್ನೋ ಕೂರಿಸಿಕೊಂಡು ಬಂದಿದ್ದರೆ ನಾವು ಅಲ್ಲೇ ಜಾರುತ್ತಿದ್ದೆವು.

ಆಗ ಕೇಳಿಸಿತು. ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್.

ಹಲ್ಲು ಮುರಿದಿತ್ತು. ನಿಲ್ಲಿಸುವ ಹಾಗಿಲ್ಲ, ಇಳಿದು ನೋಡುವ ಹಾಗಿಲ್ಲ. ಎಷ್ಟು ಮುರಿದಿವೆಯೋ, ಇನ್ನೆಷ್ಟು ನಿಮಿಷವೋ. “ಅಕ್ಕೋರ, ಹಲ್ಲು...” ಎಂದೆ.

ಅವರು ನನ್ನ ಕಿವಿಯ ಹತ್ತಿರ ಬಾಯಿ ತಂದು ಏನೋ ಎಣಿಸುತ್ತಿದ್ದರು. “ಒಂದು, ಎರಡು, ಮೂರು...” ಹಲ್ಲಿಗೊಂದರಂತೆ ಗೊರಸು ಒಳಗೆ ಹಾಯುವ ಸದ್ದನ್ನು ಎಣಿಸುತ್ತಿದ್ದರು! “ಏಳಕ್ಕೊಮ್ಮೆ ಟಕ್ ಅನ್ನಾಕತ್ತದ ಬಾಳವ್ವ. ಒಂದ ಹಲ್ಲು ಹೋಗೇದ. ಎರಡು ಗಾಲಿ, ಹದಿನಾಲ್ಕು ಹಲ್ಲು. ಹದಿಮೂರು ಅದಾವ. ನಡಿ!”

ನನಗೆ ನಗು ಬಂತು. ಆ ಗೋಡೆಯ ಮೇಲೆ, ಆ ಹೊತ್ತಿನಲ್ಲಿ, ಇಬ್ಬರೂ ನಕ್ಕೆವು. ನಾನು ಆಕ್ಸಿಲರೇಟರನ್ನು ಹೆಚ್ಚಿಸುವ ಬದಲು ಒಂದು ಕೂದಲೆಳೆ ಕಡಿಮೆ ಮಾಡಿದೆ. ಒಳಗಿನ ಜಾಲಿಮರಕ್ಕೆ ಉಸಿರಾಡಲು ಬಿಟ್ಟ ಹಾಗೆ. ಗಾಡಿ ಮನುಷ್ಯರ ನಡಿಗೆಗಿಂತ ನಿಧಾನವಾಯಿತು. ಟಕ್. ಬೆಲ್ಟು ಬಿಸಿಯಾದ ವಾಸನೆ ಬಂತು, ಹೊಗೆ ಬರಲಿಲ್ಲ. ಟಕ್. ಮೇಲಿನ ಅಂಚು ಕಂಡಿತು. ಅಂಚಿನುದ್ದಕ್ಕೂ ಕೇರಿಯ ಜನ ಪಕ್ಕಪಕ್ಕದಲ್ಲಿ ನಿಂತಿದ್ದರು, ಒಬ್ಬರೂ ಒಂದು ಹೆಜ್ಜೆ ಮುಂದಿಟ್ಟಿರಲಿಲ್ಲ, ನಮ್ಮ ಹಿಮ ಕೆಡಬಾರದೆಂದು. ಜಾರುಹಲಗೆ ಅಂಚನ್ನು ದಾಟಿತು, ಒಂದು ಕ್ಷಣ ಗಾಡಿ ತಕ್ಕಡಿಯಂತೆ ತೂಗಿತು, ಆಮೇಲೆ ಮುಂದಕ್ಕೆ ವಾಲಿ ದೊಪ್ಪನೆ ಸಪಾಟಿಗೆ ಬಿತ್ತು. ಎದ್ದ ಕೇಕೆಗೆ ಕೆಳಗಿನ ಊರಿನವರೂ ಕೇಕೆಯಿಂದಲೇ ಉತ್ತರ ಕೊಟ್ಟರು.

ಗಂಟೆ ಎಂಟು ಐವತ್ತು. ಅಕ್ಕೋರು ಕೆಳಗಿಳಿದರು. ಇಬ್ಬರು ಹೆಣ್ಣುಮಕ್ಕಳು ಓಡಿಬಂದು ಹಿಡಿದುಕೊಂಡರು. ಒಬ್ಬಳು ಕಸ್ತೂರಿ, ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿಕೊಂಡು, ಜೇಬಿನಲ್ಲಿ ಮೂರು ಪೆನ್ನು ಸಿಕ್ಕಿಸಿಕೊಂಡವಳು. “ಬಂದ್ರಿ ಅಕ್ಕೋರ! ಬರಂಗಿಲ್ಲ ಅಂದಿದ್ರು ಎಲ್ಲಾರೂ,” ಎಂದು ಅತ್ತಳು. “ಅಳಬ್ಯಾಡ, ಹಾಳಿ ತೊಯ್ತಾವ,” ಎಂದರು ಅಕ್ಕೋರು, ಚೀಲವನ್ನು ತಡವಿ ಮೊಹರು ಗಟ್ಟಿಯಾಗಿದೆಯೇ ಎಂದು ನೋಡಿಕೊಳ್ಳುತ್ತಾ.

ಕೇರಿಯ ಹಿಟ್ಟಿನ ಗಿರಣಿಯನ್ನು ಗುಡಿಸಿ, ಒಂಬತ್ತು ಮಣೆ ಹಾಕಿದ್ದರು. ಚೀಲದಲ್ಲಿ ಆರು ದಿನದ ಕಟ್ಟುಗಳಿದ್ದವು. ಕೆಳಗಿಳಿಯಲು ಪಟ್ಟಿ ಇಲ್ಲದಿದ್ದರಿಂದ ನಾನೂ ಹಿಮ ಬೀಳುವವರೆಗೆ ಅಲ್ಲಿಯವಳೇ. ಯಾರೋ ಬಿಸಿ ಹಾಲು ಕೊಟ್ಟರು, ಯಾರೋ ಗಾಡಿಯ ಮೈ ಸವರಿದರು. ನಾನು ಗಿರಣಿಯ ಕಿಟಕಿಯ ಹೊರಗೆ ನಿಂತೆ. ಸರಿಯಾಗಿ ಹತ್ತಕ್ಕೆ ಅಕ್ಕೋರು ಮೊಹರು ಒಡೆದು ಮಕ್ಕಳಿಗೆ ಪತ್ರಿಕೆ ಹಂಚಿದರು. ಒಂಬತ್ತು ತಲೆ ಒಟ್ಟಿಗೆ ಬಾಗಿದವು. ಎಷ್ಟೋ ಹೊತ್ತು ಪೆನ್ನು ಹಾಳೆಯ ಮೇಲೆ ಓಡುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಮೊದಮೊದಲು ತಡೆದು ತಡೆದು ಬರುತ್ತಿದ್ದ ಆ ಸದ್ದು ಬರಬರುತ್ತಾ ಒಂದೇ ಸಮನಾಯಿತು.

ಆಮೇಲೆ ಕಸ್ತೂರಿ ಎದ್ದು ನಿಂತಳು. ಎಲ್ಲಿ ತಪ್ಪಿತೋ ಎಂದು ನಾನು ಕಿಟಕಿಗೆ ಇನ್ನಷ್ಟು ಒತ್ತಿ ನಿಂತೆ.

“ಅಕ್ಕೋರ, ಜಾಗಾ ಮುಗೀತ್ರಿ,” ಎಂದಳು. “ಇನ್ನೊಂದು ಹಾಳಿ ಬೇಕ್ರಿ.”

ಅಕ್ಕೋರು ಹಾಳೆ ಮತ್ತು ದಾರ ಹಿಡಿದು ಅವಳ ಹತ್ತಿರ ಹೋದರು. ಅವರು ತಲುಪುವುದರೊಳಗೆ ಹಿಂದಿನ ಮಣೆಯಿಂದ ಇನ್ನೊಂದು ಕೈ ಎದ್ದಿತ್ತು, ಅದರ ಪಕ್ಕದಲ್ಲೇ ಮತ್ತೊಂದು.